ಫಾರ್ಮ್ಯಾಟ್ ಅನ್ನೋದು ರಿಪೇರಿ ಅಲ್ಲ ಕಣ್ರೋ!

ಭಾಗ 1/9

ಕ್ಲಾಸ್ ಗ್ರೂಪಲ್ಲಿ ಯಾರಾದ್ರೂ "ಲ್ಯಾಪ್‌ಟಾಪ್ ಆನ್ ಆಗ್ತಿದೆ, ಆದ್ರೆ ವಿಂಡೋಸ್ ಬರ್ತಿಲ್ಲ, ಉಬುಂಟು ಮಾತ್ರ ಬರ್ತಿದೆ" ಅಂತ ಹಾಕ್ಲಿ, ಐದು ನಿಮಿಷದಲ್ಲಿ ಉತ್ತರ ರೆಡಿ. "ಫಾರ್ಮ್ಯಾಟ್ ಮಾಡ್ಸು ಮಗಾ." ಕೆಂಗೇರಿಯಿಂದ ನವರಂಗ್‌ವರೆಗೆ ಯಾರನ್ನೇ ಕೇಳಿ, ಇದೇ ಉತ್ತರ. ಸೀನಿಯರ್ ಹೇಳೋದೂ ಇದೇ, ಅಂಗಡಿಯವರು ಹೇಳೋದೂ ಇದೇ, ಕಂಪ್ಯೂಟರ್ ಮುಟ್ಟದೇ ಇರೋ ಮಾವನೂ ಇದನ್ನೇ ಹೇಳ್ತಾರೆ.

ಜ್ವರ ಬಂದಿದೆ ಅಂದ್ರೆ ಥರ್ಮಾಮೀಟರ್ ಕೂಡ ಇಡದೆ ಆಪರೇಷನ್ ಮಾಡಿಸ್ತೀರಾ? ಇಲ್ಲ ತಾನೇ. ಹಾಗಿದ್ರೆ ನಾಲ್ಕು ತಿಂಗಳ ಪ್ರಾಜೆಕ್ಟ್ ಇರೋ ಮಷೀನಿಗೆ ಯಾಕೆ ಈ ಗತಿ?

ಈ ಸರಣಿಯಲ್ಲಿ ನಾನು ಹೇಳೋದು ಒಂದೇ ಮಾತು. ಎರಡು ಬೇರೆ ಬೇರೆ ಡ್ರೈವಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಕೊಂಡಿರೋ ಕಂಪ್ಯೂಟರಲ್ಲಿ ಒಂದು ಕಾಣೆಯಾದ್ರೆ, ಮೊದಲು ಅನುಮಾನ ಪಡಬೇಕಾದ್ದು ದಾರಿ ಮೇಲೆ, ಡೇಟಾ ಮೇಲಲ್ಲ. ಡೇಟಾ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತೆ. ಅದರ ವಿಳಾಸ ಬರೆದಿಟ್ಟ ಚೀಟಿ ಕಳೆದಿರುತ್ತೆ, ಅಷ್ಟೇ. ಚೀಟಿ ಕಳೆದಿದ್ದಕ್ಕೆ ಮನೆ ಕೆಡವೋದನ್ನೇ ನಾವು ಫಾರ್ಮ್ಯಾಟ್ ಅಂತೀವಿ.

ಭಾಗ 2/9

ಒಳಗೆ ಏನಾಗುತ್ತೆ ಅಂತ ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ.

ಪವರ್ ಬಟನ್ ಒತ್ತಿದಾಗ ಮೊದಲು ಎದ್ದೇಳೋದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಲ್ಲಿರೋ ಯುಇಎಫ್‌ಐ ಅನ್ನೋ ಪುಟ್ಟ ಸಾಫ್ಟ್‌ವೇರ್. ನಾವು ಹಳೇ ಅಭ್ಯಾಸಕ್ಕೆ ಬಯೋಸ್ ಅಂತೀವಲ್ಲ, ಅದೇ. ಅದರ ಹತ್ರ ಒಂದು ರಿಜಿಸ್ಟರ್ ಇದೆ, ಅಪಾರ್ಟ್‌ಮೆಂಟ್ ಗೇಟಲ್ಲಿ ವಾಚ್‌ಮನ್ ಇಟ್ಕೊಂಡಿರ್ತಾರಲ್ಲ, ಆ ಥರ. "ವಿಂಡೋಸ್ ಈ ಡ್ರೈವಿನ ಈ ಫೈಲಲ್ಲಿ ಶುರುವಾಗುತ್ತೆ, ಉಬುಂಟು ಆ ಡ್ರೈವಿನ ಆ ಫೈಲಲ್ಲಿ ಶುರುವಾಗುತ್ತೆ, ಮೊದಲು ಇದನ್ನ ಟ್ರೈ ಮಾಡು, ಆಮೇಲೆ ಅದನ್ನ" ಅಂತ ಅದರಲ್ಲಿ ಬರೆದಿರುತ್ತೆ.

ಆ ಶುರುವಾಗೋ ಫೈಲುಗಳು ಇರೋದು ಡ್ರೈವಲ್ಲಿರೋ ಒಂದು ಚಿಕ್ಕ ಪಾರ್ಟಿಷನ್‌ನಲ್ಲಿ. ಇಎಫ್‌ಐ ಸಿಸ್ಟಂ ಪಾರ್ಟಿಷನ್, ಚಿಕ್ಕದಾಗಿ ಇಎಸ್‌ಪಿ. ಸಾಮಾನ್ಯವಾಗಿ 100 ಎಂಬಿಯಿಂದ 500 ಎಂಬಿ, ಕೆಲವು ಕಡೆ 1 ಜಿಬಿ. ನಿಮ್ಮ ಫೋಟೋ, ಕೋಡ್, ರೆಕಾರ್ಡ್, ಅಪ್ಪನ ಅಂಗಡಿ ಲೆಕ್ಕ ಯಾವುದೂ ಅದರಲ್ಲಿ ಇರಲ್ಲ. ಅವೆಲ್ಲ ಬೇರೆ ದೊಡ್ಡ ಪಾರ್ಟಿಷನ್‌ನಲ್ಲಿರುತ್ತೆ.

ಹಾಗಾಗಿ ಬೂಟ್ ಹಾಳಾಗೋದು ಎರಡು ಕಡೆ. ಒಂದು, ರಿಜಿಸ್ಟರಿನ ಎಂಟ್ರಿ ಅಳಿಸಿಹೋಗಿರಬಹುದು ಇಲ್ಲಾ ಮೇಲೆ ಕೆಳಗೆ ಆಗಿರಬಹುದು. ಎರಡು, ಆ ಚಿಕ್ಕ ಪಾರ್ಟಿಷನ್‌ನ ಫೈಲ್ ಕೆಟ್ಟಿರಬಹುದು. ಎರಡಕ್ಕೂ ರಿಪೇರಿ ಇದೆ. ಯಾವುದಕ್ಕೂ 512 ಜಿಬಿ ಒರೆಸಿ ಹಾಕೋ ಅಗತ್ಯ ಇಲ್ಲ.

ನಮ್ಮ ಬ್ಯಾಚಿನ ಒಬ್ಬಳು ವಿಜಯನಗರದ ಹತ್ರ ಒಂದು ಅಂಗಡಿಗೆ ಕೊಟ್ಟಳು. ಅಂಗಡಿ ಹೆಸರು ಬೇಡ. ಸಂಜೆ ಮಷೀನ್ ಫಳಫಳ ಅಂತ ವಾಪಸ್ ಬಂತು, ಹೊಸ ವಿಂಡೋಸ್, ಹೊಸ ವಾಲ್‌ಪೇಪರ್. ಪ್ರಾಜೆಕ್ಟ್ ಇಲ್ಲ. ತೀರಿಕೊಂಡ ಅಜ್ಜಿ ಹಾಡಿದ್ದ ಸೋಬಾನೆ ಪದದ ರೆಕಾರ್ಡಿಂಗೂ ಇಲ್ಲ. ಪ್ರಾಜೆಕ್ಟ್ ಮತ್ತೆ ಬರೀಬಹುದು. ಅಜ್ಜಿ ಮತ್ತೆ ಹಾಡಲ್ಲ.

ಭಾಗ 3/9

ಈಗ ಖರ್ಚಿಲ್ಲದ ಕೆಲಸ. ಅಂಗಡಿಗೆ ಬ್ಯಾಗ್ ಎತ್ಕೊಂಡು ಹೋಗೋ ಮುಂಚೆ ಇಷ್ಟು ಮಾಡಿ.

ಒಂದು: ಬೂಟ್ ಮೆನು ತೆಗೀರಿ. ಆನ್ ಮಾಡಿದ ತಕ್ಷಣ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊ ಬಹುಪಾಲು ಮಾಡೆಲ್‌ಗಳಲ್ಲಿ ಎಫ್12. ಎಚ್‌ಪಿ ಆದ್ರೆ ಎಫ್9. ಆಸುಸ್ ಲ್ಯಾಪ್‌ಟಾಪ್ ಆದ್ರೆ ಎಸ್ಕೇಪ್, ಆಸುಸ್ ಡೆಸ್ಕ್‌ಟಾಪ್ ಬೋರ್ಡ್ ಆದ್ರೆ ಎಫ್8. ಎಂಎಸ್‌ಐ ಎಫ್11. ಗಿಗಾಬೈಟ್ ಎಫ್12. ಎರಡೂ ಹೆಸರು ಅಲ್ಲಿ ಕಂಡ್ರೆ ಏನೂ ಹಾಳಾಗಿಲ್ಲ, ಕ್ರಮ ಬದಲಾಗಿದೆ ಅಷ್ಟೇ. ಸೆಟಪ್‌ಗೆ ಹೋಗಿ ಬೇಕಾದ್ದನ್ನ ಮೇಲಕ್ಕೆ ತನ್ನಿ. ಕೆಲಸ ಮುಗೀತು. ಇಷ್ಟಕ್ಕೇ ದುಡ್ಡು ಕೊಟ್ಟು ಡೇಟಾ ಕಳ್ಕೊಂಡವರು ಇದ್ದಾರೆ.

ಎರಡು: ಮೆನುನಲ್ಲಿ ಹೆಸರಿಲ್ಲ ಅಂದ್ರೆ ಬಯೋಸ್ ಸೆಟಪ್ ಒಳಗೆ ಸ್ಟೋರೇಜ್ ಪಟ್ಟಿ ನೋಡಿ. ಡ್ರೈವ್ ಕಾಣ್ತಿದ್ಯಾ? ಕಾಣ್ತಿದ್ರೆ ಎಂಟ್ರಿ ಮಾತ್ರ ಹೋಗಿದೆ. ಬಯೋಸ್ ಅಪ್‌ಡೇಟ್ ಆದಾಗ, ಡೆಸ್ಕ್‌ಟಾಪಲ್ಲಿ ಸೆಲ್ ವೀಕ್ ಆಗಿ ಸೆಟ್ಟಿಂಗ್ ರಿಸೆಟ್ ಆದಾಗ ಹೀಗಾಗೋದುಂಟು.

ಮೂರು: ಡ್ರೈವೇ ಕಾಣ್ತಿಲ್ವಾ? ಆಗ ಸಾಫ್ಟ್‌ವೇರ್ ಮರೆತುಬಿಡಿ. ಕೇಬಲ್ ತೆಗೆದು ಹಾಕಿ, ಬೇರೆ ಪೋರ್ಟಿಗೆ ಹಾಕಿ. ಹೊಸದಾಗಿ ಎಂ.2 ಎಸ್‌ಎಸ್‌ಡಿ ಹಾಕಿಸಿದ್ರಾ? ಎಷ್ಟೋ ಮದರ್‌ಬೋರ್ಡಲ್ಲಿ ಎಂ.2 ಸ್ಲಾಟ್ ತುಂಬಿದ್ರೆ ಒಂದೆರಡು ಸಾಟಾ ಪೋರ್ಟ್ ತಾನಾಗೇ ಆಫ್ ಆಗುತ್ತೆ. ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತೆ. "ಹಾರ್ಡ್ ಡಿಸ್ಕ್ ಸತ್ತೋಯ್ತು" ಅನ್ನೋ ತೀರ್ಪು ಕೊಡೋ ಮುಂಚೆ ಆ ಪುಟ ಓದಿ.

ಈ ಮೂರಕ್ಕೂ ಸೇರಿ ಬೇಕಾಗೋದು ಒಂದು ಕಾಫಿ ಕುಡಿಯೋ ಹೊತ್ತು.

ಭಾಗ 4/9

ಈಗ ನಮ್ಮವರ ಅತಿ ದೊಡ್ಡ ಜಂಬಕ್ಕೆ ಬರ್ತೀನಿ. "ನಂದು ಸೇಫ್ ಗುರು, ಎರಡೂ ಬೇರೆ ಬೇರೆ ಡ್ರೈವ್." ಹೌದಾ? ಚೆಕ್ ಮಾಡಿದ್ದೀರಾ?

ಆಪರೇಟಿಂಗ್ ಸಿಸ್ಟಂ ಎರಡು ಡ್ರೈವಲ್ಲಿರಬಹುದು. ಆದ್ರೆ ಎರಡರ ಬೂಟ್ ಫೈಲೂ ಒಂದೇ ಇಎಸ್‌ಪಿಯಲ್ಲಿ ಕೂತಿರೋ ಸಾಧ್ಯತೆ ಚೆನ್ನಾಗೇ ಇದೆ. ಉಬುಂಟುವಿನ ಹಳೇ ಇನ್‌ಸ್ಟಾಲರ್‌ನಲ್ಲಿ ಇದೊಂದು ಕುಖ್ಯಾತ ಬಗ್. "ಬೂಟ್‌ಲೋಡರನ್ನ ಎರಡನೇ ಡ್ರೈವಿಗೆ ಹಾಕು" ಅಂತ ನೀವು ಆರಿಸಿದ್ರೂ, ಅದು ಮೊದಲು ಸಿಕ್ಕಿದ ಇಎಸ್‌ಪಿಗೆ, ಅಂದ್ರೆ ವಿಂಡೋಸ್ ಡ್ರೈವಿಗೇ ಹಾಕ್ತಿತ್ತು. 2014ರಲ್ಲೇ ದೂರು ದಾಖಲಾಯ್ತು, ವರ್ಷಗಟ್ಟಲೆ ಹಾಗೇ ಉಳೀತು. ವಿಂಡೋಸ್ ಏನೂ ಸಾಚಾ ಅಲ್ಲ. ಬೇರೆ ಡ್ರೈವಲ್ಲಿ ಈಗಾಗಲೇ ಇಎಸ್‌ಪಿ ಇದ್ರೆ ಅದರಲ್ಲೇ ಜಾಗ ಹಿಡ್ಕೊಂಡು ಕೂರೋ ಅಭ್ಯಾಸ ಅದರ ಇನ್‌ಸ್ಟಾಲರಿಗೂ ಇದೆ.

ಪರಿಣಾಮ? ಹಳೇ ಹಾರ್ಡ್ ಡಿಸ್ಕ್ ತೆಗೆದು ತಮ್ಮನ ಮಷೀನಿಗೆ ಹಾಕ್ತೀರಿ. ಮಾರನೇ ದಿನ ನಿಮ್ಮ ಹೊಸ ಎಸ್‌ಎಸ್‌ಡಿ ಕೂಡ ಬೂಟ್ ಆಗಲ್ಲ. ಅಂಗಡಿಯಲ್ಲಿ "ಎಸ್‌ಎಸ್‌ಡಿ ಕರಪ್ಟ್" ಅಂತಾರೆ. ಎಸ್‌ಎಸ್‌ಡಿ ಚೆನ್ನಾಗೇ ಇದೆ, ಅದರ ಬಾಗಿಲು ಪಕ್ಕದ ಮನೇಲಿತ್ತು!

ಪರೀಕ್ಷೆ ಸುಲಭ. ಡೆಸ್ಕ್‌ಟಾಪ್ ಆದ್ರೆ ಪವರ್ ಪೂರ್ತಿ ಆಫ್ ಮಾಡಿ, ಒಂದು ಡ್ರೈವಿನ ಕೇಬಲ್ ತೆಗೆದು, ಇನ್ನೊಂದು ಒಂಟಿಯಾಗಿ ಏಳುತ್ತಾ ನೋಡಿ. ಆಮೇಲೆ ಅದಲು ಬದಲು ಮಾಡಿ. ಎರಡೂ ಒಂಟಿಯಾಗಿ ಎದ್ರೆ ಮಾತ್ರ "ಬೇರೆ ಬೇರೆ ಡ್ರೈವ್" ಅಂತ ಹೇಳ್ಕೊಳ್ಳೋ ಹಕ್ಕು ನಿಮಗಿದೆ.

ಹೊಸದಾಗಿ ಹಾಕೋರಿಗೆ ನನ್ನ ಖಡಕ್ ಮಾತು: ಎರಡನೇದನ್ನ ಇನ್‌ಸ್ಟಾಲ್ ಮಾಡುವಾಗ ಮೊದಲನೇ ಡ್ರೈವ್ ಬಿಚ್ಚಿ ಪಕ್ಕಕ್ಕಿಡಿ, ಇಲ್ಲಾ ಬಯೋಸಲ್ಲಿ ಆಫ್ ಮಾಡಿ. ಆಗ ಪ್ರತಿ ಡ್ರೈವಿಗೂ ಅದರದ್ದೇ ಇಎಸ್‌ಪಿ ಆಗುತ್ತೆ. ಎರಡು ಸ್ಕ್ರೂ ಬಿಚ್ಚೋ ಸೋಮಾರಿತನಕ್ಕೆ ಎರಡು ವರ್ಷ ನರಳಬೇಡಿ.

ಭಾಗ 5/9

ಇನ್ನೊಂದು ರೋಗ ಪಾರ್ಟಿ ಜಗಳ. ವಿಂಡೋಸ್ ಪಾರ್ಟಿ ಅನ್ನುತ್ತೆ, "ಲಿನಕ್ಸ್ ಹಾಕಿದ್ದಕ್ಕೇ ಹಾಳಾಯ್ತು." ಲಿನಕ್ಸ್ ಪಾರ್ಟಿ ಅನ್ನುತ್ತೆ, "ವಿಂಡೋಸ್ ಅಪ್‌ಡೇಟ್ ಬಂದು ನುಂಗಿಬಿಡ್ತು." ಎರಡೂ ಕಡೆ ಸಾಕ್ಷಿ ಇದೆ, ಕೇಳಿ.

ಆಗಸ್ಟ್ 2024ರ ವಿಂಡೋಸ್ ಅಪ್‌ಡೇಟ್ ಆದ್ಮೇಲೆ ಎಷ್ಟೋ ಜನರ ಲಿನಕ್ಸ್ ಏಳಲೇ ಇಲ್ಲ. ಸೆಕ್ಯುರಿಟಿ ಪಾಲಿಸಿ ಉಲ್ಲಂಘನೆ ಅಂತ ಸ್ಕ್ರೀನಲ್ಲಿ ಒಂದು ಸಾಲು, ಆಮೇಲೆ ಮಷೀನ್ ಆಫ್. ಕಾರಣ ಎಸ್‌ಬ್ಯಾಟ್ ಅನ್ನೋ ಪಟ್ಟಿ. ಹಳೇ, ಲೋಪ ಇರೋ ಬೂಟ್‌ಲೋಡರನ್ನ ಸೆಕ್ಯೂರ್ ಬೂಟ್ ಒಳಗೆ ಬಿಡಬಾರದು ಅಂತ ಮಾಡಿದ್ದು. ಡ್ಯುಯಲ್ ಬೂಟ್ ಮಷೀನಿಗೆ ಇದು ತಾಗಲ್ಲ ಅಂತ ಮೈಕ್ರೋಸಾಫ್ಟ್ ಹೇಳಿತ್ತು, ತಾಗಿತು. ಪೂರ್ತಿ ಸರಿ ಮಾಡಿದ ಅಪ್‌ಡೇಟ್ ಬಂದಿದ್ದು ಮೇ 2025ರಲ್ಲಿ. ಅಲ್ಲೀವರೆಗೆ ದಾರಿ ಏನಿತ್ತು? ಸೆಕ್ಯೂರ್ ಬೂಟ್ ಆಫ್ ಮಾಡಿ, ಲಿನಕ್ಸ್ ಒಳಗೆ ಹೋಗಿ, ಒಂದು ಕಮಾಂಡಲ್ಲಿ ಆ ಪಾಲಿಸಿ ಅಳಿಸಿ, ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡೋದು. ಫಾರ್ಮ್ಯಾಟ್ ಅಲ್ಲ.

ಈಗ ಲಿನಕ್ಸ್ ಕಡೆ. 2021ರಲ್ಲಿ ಬಂದ ಗ್ರಬ್ 2.06, ಬೇರೆ ಆಪರೇಟಿಂಗ್ ಸಿಸ್ಟಂ ಹುಡುಕೋ ಓಎಸ್-ಪ್ರೋಬರನ್ನ ತಾನಾಗೇ ಓಡಿಸೋದನ್ನ ಭದ್ರತೆ ಕಾರಣಕ್ಕೆ ನಿಲ್ಲಿಸಿತು. ಅದಾದ್ಮೇಲೆ ಎಷ್ಟೋ ಜನರ ಗ್ರಬ್ ಮೆನುನಲ್ಲಿ ವಿಂಡೋಸ್ ಸಾಲೇ ಮಾಯ. "ಅಯ್ಯೋ ವಿಂಡೋಸ್ ಹೋಯ್ತು!" ಎಲ್ಲಿಗೆ ಹೋಗುತ್ತೆ? ಪಕ್ಕದ ಡ್ರೈವಲ್ಲೇ ಹಾಯಾಗಿದೆ. ಗ್ರಬ್ ಸೆಟ್ಟಿಂಗ್ ಫೈಲಲ್ಲಿ ಒಂದು ಸಾಲು ಬದಲಾಯಿಸಿ, ಗ್ರಬ್ ಅಪ್‌ಡೇಟ್ ಮಾಡಿದ್ರೆ ವಾಪಸ್ ಬರುತ್ತೆ. ಅದೂ ಬೇಡ ಅಂದ್ರೆ ಎಫ್12 ಇದ್ದೇ ಇದೆ.

ಹಾಗಾಗಿ ಪಾರ್ಟಿ ಬಿಟ್ಟು, "ಸ್ಕ್ರೀನಲ್ಲಿ ಏನು ಬರೆದಿದೆ" ಅಂತ ಓದಿ. ಆ ಸಾಲಿನ ಫೋಟೋ ಗ್ರೂಪಿಗೆ ಹಾಕಿ. "ಹಾಳಾಯ್ತು ಮಗಾ" ಅನ್ನೋ ಮೂರು ಅಳೋ ಇಮೋಜಿಯಿಂದ ಯಾರೂ ಏನೂ ಪತ್ತೆ ಮಾಡಕ್ಕಾಗಲ್ಲ.

ಭಾಗ 6/9

ಸೆಕ್ಯೂರ್ ಬೂಟ್ ಮುಟ್ಟೋ ಮುಂಚೆ ಒಂದು ದೊಡ್ಡ ಎಚ್ಚರಿಕೆ: ಬಿಟ್‌ಲಾಕರ್.

ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪಲ್ಲಿ, ನೀವು ಕೇಳದೇನೇ ಡ್ರೈವ್ ಎನ್‌ಕ್ರಿಪ್ಟ್ ಆಗಿರುತ್ತೆ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಹೊಸದಾಗಿ ಸೆಟಪ್ ಮಾಡಿದ 24ಎಚ್2ರಲ್ಲಂತೂ ಇದು ಸಾಮಾನ್ಯ. ಬಯೋಸಲ್ಲಿ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಸೆಟ್ಟಿಂಗ್ ಬದಲಾಯಿಸಿದ ಕೂಡಲೇ ನೀಲಿ ಸ್ಕ್ರೀನ್ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇದ್ರೆ ಎರಡು ನಿಮಿಷದ ಕೆಲಸ. ಇಲ್ಲದಿದ್ರೆ ಡೇಟಾ ಕಣ್ಣೆದುರೇ ಇದ್ರೂ ಕೈಗೆ ಸಿಗಲ್ಲ.

ಇವತ್ತೇ, ಎಲ್ಲ ಚೆನ್ನಾಗಿರುವಾಗಲೇ, ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಆ ಕೀ ಇದ್ಯಾ ನೋಡಿ. ಕಾಲೇಜ್ ಮೇಲ್ ಐಡಿಯಲ್ಲಿ ಲಾಗಿನ್ ಆಗಿದ್ರೆ ಕೀ ಆ ಅಕೌಂಟಲ್ಲಿರಬಹುದು. ಕಾಲೇಜ್ ಮುಗಿದ್ಮೇಲೆ ಆ ಐಡಿ ಇರುತ್ತಾ? ಯೋಚನೆ ಮಾಡಿ. ಕೀನ ಪೇಪರಲ್ಲಿ ಬರೆದು ಮಾರ್ಕ್ಸ್ ಕಾರ್ಡ್ ಜೊತೆ ಇಡಿ.

ದೊಡ್ಡವರ ಕಥೆ ಗೊತ್ತಲ್ಲ? 19 ಜುಲೈ 2024, ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿಂದ ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಮಷೀನು ನೀಲಿ ಸ್ಕ್ರೀನಿಗೆ ಬಿತ್ತು. ವಿಮಾನ ನಿಂತವು, ಏರ್‌ಪೋರ್ಟಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ರು. ಆಗ ಹೇಳಿದ ಪರಿಹಾರ ಏನು? ಸೇಫ್ ಮೋಡಿಗೆ ಹೋಗಿ ಒಂದೇ ಒಂದು ಫೈಲ್ ಡಿಲೀಟ್ ಮಾಡೋದು. ಅಲ್ಲೂ ತಡ ಆಗಿದ್ದಕ್ಕೆ ಒಂದು ಕಾರಣ ಇದೇ ಬಿಟ್‌ಲಾಕರ್ ಕೀ. 85 ಲಕ್ಷ ಮಷೀನಿಗೆ ಒಂದು ಫೈಲ್ ಸಾಕಾಯ್ತು. ನಮ್ಮ ಒಂದು ಲ್ಯಾಪ್‌ಟಾಪಿಗೆ ಮಾತ್ರ ಪೂರ್ತಿ ಸರ್ವನಾಶ ಬೇಕಾ?

ಭಾಗ 7/9

"ವೈರಸ್ ಇದೆ" ಅಂತ ಹೆಸರಿಟ್ಟು ಫಾರ್ಮ್ಯಾಟ್ ಆಗೋ ಇನ್ನೂ ಮೂರು ಅಮಾಯಕರು.

ಗಡಿಯಾರ ಐದೂವರೆ ಗಂಟೆ ತಪ್ಪು. ಲಿನಕ್ಸಿಂದ ವಿಂಡೋಸಿಗೆ ಬಂದ್ರೆ ಬೆಳಗ್ಗೆ 9 ಗಂಟೆ ಇದ್ದಿದ್ದು 3.30 ಅಂತ ತೋರಿಸುತ್ತೆ. ವೈರಸ್ ಅಲ್ಲ ಕಣ್ರೋ, ನಮ್ಮ ದೇಶದ ಟೈಮು. ಮದರ್‌ಬೋರ್ಡ್ ಗಡಿಯಾರವನ್ನ ಲಿನಕ್ಸ್ ಯುಟಿಸಿ ಅಂತ ಓದುತ್ತೆ, ವಿಂಡೋಸ್ ಲೋಕಲ್ ಟೈಮ್ ಅಂತ ಓದುತ್ತೆ. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಎರಡರಲ್ಲಿ ಒಂದಕ್ಕೆ ಇನ್ನೊಂದರ ಲೆಕ್ಕ ಕಲಿಸಿದ್ರೆ ಮುಗೀತು.

ಲಿನಕ್ಸಲ್ಲಿ ವಿಂಡೋಸ್ ಡ್ರೈವ್ ತೆರೆಯುತ್ತೆ, ಆದ್ರೆ ಏನೂ ಸೇವ್ ಆಗಲ್ಲ. ಇದು ಫಾಸ್ಟ್ ಸ್ಟಾರ್ಟಪ್ ಕೆಲಸ. ಶಟ್‌ಡೌನ್ ಒತ್ತಿದ್ರೂ ವಿಂಡೋಸ್ ಪೂರ್ತಿ ಮಲಗಲ್ಲ, ಅರೆನಿದ್ದೆ. ಅದಕ್ಕೇ ಲಿನಕ್ಸ್ ಜಾಗ್ರತೆಯಿಂದ ಓದೋಕೆ ಮಾತ್ರ ಬಿಡುತ್ತೆ. ಬಲವಂತ ಮಾಡಬೇಡಿ, ಫೈಲ್ ಕೆಡಬಹುದು. ವಿಂಡೋಸ್ ಪವರ್ ಸೆಟ್ಟಿಂಗಲ್ಲಿ ಅದನ್ನ ಆಫ್ ಮಾಡಿ.

ಲಿನಕ್ಸ್ ಇನ್‌ಸ್ಟಾಲರಿಗೆ ಎಸ್‌ಎಸ್‌ಡಿ ಕಾಣಲ್ಲ. ಇಂಟೆಲ್ ಮಷೀನಲ್ಲಿ ಆರ್‌ಎಸ್‌ಟಿ ಅಥವಾ ವಿಎಂಡಿ ಆನ್ ಇದ್ರೆ ಹೀಗಾಗಬಹುದು. ಯಾರೋ ವಿಡಿಯೋ ನೋಡಿ ಅದನ್ನ ಆಫ್ ಮಾಡ್ತೀರಿ, ಈಗ ವಿಂಡೋಸ್ ನೀಲಿ ಸ್ಕ್ರೀನ್. ಗಾಬರಿ ಬೇಡ. ಅದೇ ಸೆಟ್ಟಿಂಗ್ ಮತ್ತೆ ಆನ್ ಮಾಡಿದ್ರೆ ವಿಂಡೋಸ್ ಏಳುತ್ತೆ. ವಿಂಡೋಸನ್ನ ಮೊದಲು ಸೇಫ್ ಮೋಡಿಗೆ ಸೆಟ್ ಮಾಡಿ, ಆಮೇಲೆ ಬಯೋಸಲ್ಲಿ ಬದಲಾಯಿಸೋದು ಸರಿಯಾದ ಕ್ರಮ.

ಮೂರರಲ್ಲಿ ಒಂದಕ್ಕೂ ಫಾರ್ಮ್ಯಾಟ್ ಬೇಡ. ಮೂರಕ್ಕೂ ಫಾರ್ಮ್ಯಾಟ್ ಆಗ್ತಾ ಇದೆ.

ಭಾಗ 8/9

ಈಗ ಕಾಮೆಂಟಲ್ಲಿ ಬರೋ ವಾದಗಳಿಗೆ ಮೊದಲೇ ಉತ್ತರ.

"ಇಷ್ಟೆಲ್ಲ ಹುಡುಕೋಕೆ ಟೈಮ್ ಯಾರಿಗಿದೆ? ಫಾರ್ಮ್ಯಾಟ್ ಒಂದು ಗಂಟೆ." ಹೌದು, ವಿಂಡೋಸ್ ಹಾಕೋಕೆ ಒಂದು ಗಂಟೆ. ಆಮೇಲೆ ಕಂಪೈಲರ್, ಡ್ರೈವರ್, ಲೈಬ್ರರಿ, ಲಾಗಿನ್, ನುಡಿ, ಪ್ರಿಂಟರ್ ಎಲ್ಲ ಹಾಕೋಕೆ ಎಷ್ಟು ದಿನ? ಅದನ್ನ ಯಾಕೆ ಲೆಕ್ಕಕ್ಕೆ ಹಿಡಿಯಲ್ಲ?

"ಅಂಗಡಿಯವರ ಹೊಟ್ಟೆ ಮೇಲೆ ಹೊಡೀತೀಯಾ?" ಇಲ್ಲ. ಎಸ್‌ಪಿ ರೋಡಲ್ಲಿ, ರಾಜಾಜಿನಗರದಲ್ಲಿ, ಬಸವೇಶ್ವರನಗರದಲ್ಲಿ ಬೆಸುಗೆ ಹಾಕಿ ಸತ್ತ ಬೋರ್ಡ್ ಎಬ್ಬಿಸೋ ಕೈಗಳಿವೆ. ಅವರ ಮುಂದೆ ನಮ್ಮ ಡಿಗ್ರಿ ಏನೂ ಅಲ್ಲ. ಆದ್ರೆ ಗಿರಾಕಿ ಹೋಗಿ "ಬೇಗ ಮಾಡ್ಕೊಡಿ ಅಣ್ಣ, ಏನಾದ್ರೂ ಮಾಡಿ" ಅಂದ್ರೆ ಅವರು ಬೇಗ ಆಗೋದನ್ನೇ ಮಾಡ್ತಾರೆ. ಪತ್ತೆ ಹಚ್ಚೋ ಕೆಲಸಕ್ಕೆ ನಾವು ದುಡ್ಡು ಕೊಡಲ್ಲ, ಫಾರ್ಮ್ಯಾಟಿಗೆ ಕೊಡ್ತೀವಿ. ಹಾಗಾದ್ರೆ ಸಿಗೋದೂ ಅದೇ. ಇನ್ಮುಂದೆ ಹೀಗೆ ಕೇಳಿ: "ಅಣ್ಣ, ಡೇಟಾ ಮುಟ್ಟಬೇಡಿ, ಬೂಟ್ ಮಾತ್ರ ಸರಿ ಮಾಡಿ. ಏನು ಕೆಟ್ಟಿತ್ತು ಅಂತ ಹೇಳಿ. ಅದಕ್ಕೇ ದುಡ್ಡು ಕೊಡ್ತೀನಿ." ಒಳ್ಳೆ ಕೆಲಸಗಾರ ಈ ಮಾತು ಕೇಳಿ ಖುಷಿ ಪಡ್ತಾರೆ.

"ಫಾರ್ಮ್ಯಾಟ್ ಯಾವತ್ತೂ ಬೇಡ್ವಾ?" ಬೇಕು. ಮಷೀನ್ ಮಾರುವಾಗ, ನಿಜವಾಗ್ಲೂ ಮಾಲ್‌ವೇರ್ ಹೊಕ್ಕಾಗ. ಡ್ರೈವೇ ಸಾಯ್ತಿದ್ರೆ ಫಾರ್ಮ್ಯಾಟ್ ಮಾಡಿ ಏನೂ ಲಾಭ ಇಲ್ಲ, ಡ್ರೈವ್ ಬದಲಾಯಿಸಬೇಕು. ಯಾವುದೇ ಆಗ್ಲಿ, ಮೊದಲು ಪೆನ್‌ಡ್ರೈವಿಂದ ಲೈವ್ ಲಿನಕ್ಸ್ ಎಬ್ಬಿಸಿ, ಬೇಕಾದ ಫೈಲೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ರೆ ಕೀ ಕೈಯಲ್ಲಿರಲಿ. ಲೈವ್ ಲಿನಕ್ಸಿಂದಲೇ ಗ್ರಬ್ ಮತ್ತೆ ಹಾಕಬಹುದು. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನ ರಿಪೇರಿ ವಿಭಾಗದಿಂದ ಬಿಸಿಡಿಬೂಟ್ ಕಮಾಂಡಲ್ಲಿ ವಿಂಡೋಸ್ ಬೂಟ್ ಫೈಲ್ ಮತ್ತೆ ಬರೀಬಹುದು. ಈ ಎರಡು ಪೆನ್‌ಡ್ರೈವ್ ಇಟ್ಕೊಂಡಿರೋ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ಕ್ಲಾಸಲ್ಲಿ ಇದ್ರೆ ಸಾಕು.

ಭಾಗ 9/9

ಇದು ಈಗಲೇ ಯಾಕೆ ಮುಖ್ಯ ಅಂದ್ರೆ, 14 ಅಕ್ಟೋಬರ್ 2025ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅಣ್ಣ ಅಕ್ಕಂದಿರು ಬಳಸಿ ನಮಗೆ ಬಂದಿರೋ ಎಷ್ಟೋ ಮಷೀನ್ ಈ ಗೆರೆ ಆಚೆ ಉಳೀತವೆ. ಅದಕ್ಕೇ ಜನ ಇನ್ನೊಂದು ಎಸ್‌ಎಸ್‌ಡಿ ತಂದು ಲಿನಕ್ಸ್ ಹಾಕ್ಕೊಳ್ತಿದ್ದಾರೆ. ಒಳ್ಳೇದೇ. ಆದ್ರೆ ಡ್ಯುಯಲ್ ಬೂಟ್ ಹೆಚ್ಚಾದಷ್ಟೂ "ಒಂದು ಕಾಣ್ತಿಲ್ಲ" ಅನ್ನೋ ಮೆಸೇಜೂ ಹೆಚ್ಚಾಗುತ್ತೆ. ಆಗಲೂ ಉತ್ತರ "ಫಾರ್ಮ್ಯಾಟ್" ಆದ್ರೆ, ಹಳೇ ಮಷೀನ್ ಉಳಿಸಿದ್ದಕ್ಕೂ ಅರ್ಥ ಇರಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆ ಮಕ್ಕಳು ಲಿನಕ್ಸಲ್ಲೇ ಕಂಪ್ಯೂಟರ್ ಕಲೀತಾರೆ, ಯಾಕಂದ್ರೆ ಕೇರಳದ ಸರ್ಕಾರಿ ಶಾಲಾ ಲ್ಯಾಬ್‌ಗಳು ನಡೆಯೋದೇ ಸ್ವತಂತ್ರ ತಂತ್ರಾಂಶದ ಮೇಲೆ. ಹೈಸ್ಕೂಲ್ ಮಕ್ಕಳಿಗೆ ಅದು ಭಯ ಅಲ್ಲ. ಐಟಿ ರಾಜಧಾನಿ ಅಂತ ಬೋರ್ಡ್ ಹಾಕ್ಕೊಂಡಿರೋ ಊರಲ್ಲಿ ಇಂಜಿನಿಯರಿಂಗ್ ಓದೋ ನಾವು ಕಪ್ಪು ಸ್ಕ್ರೀನಲ್ಲಿ ನಾಲ್ಕು ಸಾಲು ಬಿಳಿ ಅಕ್ಷರ ಕಂಡ್ರೆ ಅಂಗಡಿಗೆ ಓಡ್ತೀವಿ. ಇದು ಬುದ್ಧಿಯ ಕೊರತೆ ಅಲ್ಲ, ಅಭ್ಯಾಸದ್ದು. ಓದದೇ ಓಕೆ ಒತ್ತೋ ಅಭ್ಯಾಸ.

ಹಾಗಾಗಿ ನಮ್ಮ ಕ್ಲಾಸ್ ಗ್ರೂಪಿಗೆ ಒಂದು ನಿಯಮ ಹಾಕೋಣ. "ಫಾರ್ಮ್ಯಾಟ್ ಮಾಡ್ಸು" ಅಂತ ಟೈಪ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳ್ಬೇಕು.
ಬೂಟ್ ಮೆನುನಲ್ಲಿ ಎಷ್ಟು ಹೆಸರು ಕಾಣ್ತಿದೆ?
ಬಯೋಸಲ್ಲಿ ಎರಡೂ ಡ್ರೈವ್ ಇದ್ಯಾ?
ಸ್ಕ್ರೀನಲ್ಲಿ ಏನು ಬರೆದಿದೆ?

ಈ ಮೂರಕ್ಕೆ ಉತ್ತರ ಬಂದ್ಮೇಲೂ ಫಾರ್ಮ್ಯಾಟೇ ಬೇಕು ಅಂತ ಅನ್ನಿಸಿದ್ರೆ ಹೇಳಿ, ಕೇಳ್ತೀನಿ. ಬಹಳ ಸಲ ಅನ್ನಿಸಲ್ಲ.

ಸೇವ್ ಮಾಡ್ಕೊಳ್ಳಿ. ಅದಕ್ಕಿಂತ ಮುಖ್ಯ, ಮನೇಲಿ ಕಂಪ್ಯೂಟರ್ ಹಾಳಾದಾಗ ಮೊದಲು ಫೋನ್ ಮಾಡ್ತಾರಲ್ಲ ಆ ಕಸಿನ್‌ಗೆ ಕಳಿಸಿ. ನಿಮ್ಮ ಮಷೀನ್ ಈಗ ಸಿಕ್ಕಾಕ್ಕೊಂಡಿದ್ರೆ ಸ್ಕ್ರೀನ್ ಫೋಟೋ ತೆಗೆದು ಡಿಎಂ ಮಾಡಿ, ಗೊತ್ತಿರೋದು ಹೇಳ್ತೀನಿ. ಅಲ್ಲೀವರೆಗೆ ಯಾರ ಕೈಗೂ ಕೊಡಬೇಡಿ.

#ಫಾರ್ಮ್ಯಾಟ್‌ಬೇಡ #ಡ್ಯುಯಲ್‌ಬೂಟ್ #ಮೊದಲುಓದಿ #ಕನ್ನಡಟೆಕ್ #ಕೆಂಗೇರಿ #ವಿಜಯನಗರ #ರಾಜಾಜಿನಗರ